ಹೊಡೆದವನ ಕೋಡ್ ಯಾವುದು?

ನನ್ನ ಕಾಯಿಲೆಯ ನಂಬರು ಎಫ್ 43.2.

ಬರೆದುಕೊಟ್ಟದ್ದು ವಿಶ್ವವಿದ್ಯಾಲಯದ ಆಸ್ಪತ್ರೆ. ಆಗ ನನಗೆ ನಿದ್ದೆ ಬಿಟ್ಟುಹೋಗಿತ್ತು. ಮೆಸ್ಸಿಗೆ ಹೋದರೆ ನಾನು ಕೂತ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಬೇರೆ ಕಡೆ ಕೂರುತ್ತಿದ್ದರು. ಉಳಿದವರ ಅಧ್ಯಾಯಗಳನ್ನು ಸಾಲು ಸಾಲು ತಿದ್ದಿ ಕೊಡುತ್ತಿದ್ದ ಮಾರ್ಗದರ್ಶಕ ನನ್ನ ಅಧ್ಯಾಯದ ಕ್ಲಿಪ್ಪನ್ನೂ ತೆಗೆಯದೆ ವಾಪಸು ಕೊಟ್ಟು, ‘ನಿಮ್ಗೆ ಹೆಂಗೂ ಫೆಲೋಶಿಪ್ ಬರುತ್ತಲ್ಲಪ್ಪ, ಬರೆದು ಏನಾಗ್ಬೇಕು’ ಅಂದಿದ್ದ. ನನ್ನ ಕೋಣೆಯ ಬಾಗಿಲ ಮೇಲೆ ಅಪ್ಪನ ಕಸುಬನ್ನು ಸೀಮೆಸುಣ್ಣದಲ್ಲಿ ಬರೆದರು. ಒರೆಸಿದೆ. ಮತ್ತೆ ಬರೆದರು. ಆಮೇಲೆ ಒರೆಸುವುದನ್ನು ಬಿಟ್ಟೆ, ಮೆಸ್ಸಿಗೆ ಹೋಗುವುದನ್ನು ಬಿಟ್ಟೆ, ಕಡೆಗೆ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟೆ.

ಆಪ್ತಸಮಾಲೋಚಕಿ ಕೆಟ್ಟವಳಲ್ಲ. ಕೂರಿಸಿದಳು, ನೀರು ಕೊಟ್ಟಳು. ಬಾಗಿಲಿನ ಬರಹದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವಳ ಪೆನ್ನು ಅಲುಗಲಿಲ್ಲ. ‘ನಿದ್ದೆ ಬರಲ್ಲ ಮೇಡಂ’ ಅಂದೆ. ಪೆನ್ನು ಓಡಿತು. ‘ಊಟ ಸೇರಲ್ಲ.’ ಓಡಿತು. ‘ಓದೋಕೆ ಕೂತ್ರೆ ಅಕ್ಷರ ತಲೆಗೆ ಹತ್ತಲ್ಲ.’ ಓಡಿತು. ‘ನಿನ್ನೆ ಬಾಗಿಲ ಮೇಲೆ ಮತ್ತೆ ಬರೆದಿದ್ರು.’ ನಿಂತಿತು.

ನನ್ನ ಮೈಯೊಳಗೆ ಏನಾಗುತ್ತಿದೆ ಎಂಬುದು ಅವಳಿಗೆ ಬೇಕಿತ್ತು. ನನಗೆ ಏನು ಮಾಡಿದರು ಎಂಬುದು ಬೇಕಿರಲಿಲ್ಲ.

ಆಮೇಲೆ ಒಂದು ಹಾಳೆ ಮುಂದಿಟ್ಟಳು. ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಖಿನ್ನತೆಯ ಅನುಮಾನ. ಹಿಂದಿನ ಎರಡು ವಾರ ಹೇಗಿದ್ದೆ ಅನ್ನುವುದಷ್ಟೇ ಅದಕ್ಕೆ ಬೇಕು. ಸಿದ್ಧಪಡಿಸಿದವರು ಅಮೆರಿಕದ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು. ಹಣ ಕೊಟ್ಟದ್ದು ಫೈಜರ್, ಖಿನ್ನತೆಯ ಮಾತ್ರೆ ಮಾರುವ ಕಂಪನಿ. ಆರನೇ ಪ್ರಶ್ನೆ, ನಿನ್ನ ಬಗ್ಗೆ ನಿನಗೇ ಕೆಟ್ಟದೆನಿಸುತ್ತದೆಯೇ, ಸೋತೆ ಅನಿಸುತ್ತದೆಯೇ ಅಂತ ಕೇಳುತ್ತದೆ. ಹಾಗೆ ಅನಿಸುವಂತೆ ಮಾಡಿದವರು ಯಾರು ಅಂತ ಕೇಳುವ ಸಾಲು ಎಲ್ಲಾದರೂ ಇದ್ದೀತೆಂದು ಹಾಳೆ ತಿರುಗಿಸಿ ನೋಡಿದೆ. ಹಿಂಬದಿ ಖಾಲಿ.

ಚೀಟಿಯಲ್ಲಿ ಬಂದದ್ದು ಅಡ್ಜಸ್ಟ್‌ಮೆಂಟ್ ಡಿಸಾರ್ಡರ್. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಪಟ್ಟಿಯಲ್ಲಿ ಅದರ ವಿವರಣೆಯನ್ನು ಆಮೇಲೆ ಹುಡುಕಿ ಓದಿದೆ. ಬದುಕಿನಲ್ಲಿ ಆದ ಒತ್ತಡದ ಘಟನೆಗೆ ಮನುಷ್ಯ ಹೀಗೆ ಕುಸಿಯುತ್ತಾನೆ, ಅದರಲ್ಲಿ ಅವನದೇ ಆದ ದುರ್ಬಲತೆಯ ಪಾತ್ರ ದೊಡ್ಡದು ಎನ್ನುತ್ತದೆ ಅದು. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಆದರೂ ಆ ಒತ್ತಡ ಇಲ್ಲದಿದ್ದರೆ ಈ ಸ್ಥಿತಿ ಹುಟ್ಟುತ್ತಲೇ ಇರಲಿಲ್ಲ. ಮೊದಲ ಅರ್ಧವನ್ನು ನನ್ನ ಹೆಸರಿನ ಮುಂದೆ ಬರೆದರು. ಎರಡನೇ ಅರ್ಧವನ್ನು ಯಾರ ಹೆಸರಿನ ಮುಂದೆಯೂ ಬರೆಯಲಿಲ್ಲ. ಮಾರ್ಗದರ್ಶಕನಿಗೆ ಬಡ್ತಿ ಬಂತು. ನನಗೆ ಮಾತ್ರೆ ಬಂತು.

ಈ ರೋಗಪಟ್ಟಿಯ ಪುಸ್ತಕಗಳನ್ನು ನಾನು ಕೂತು ಓದಿದ್ದೇನೆ. ಅಪ್ಪನ ಕಾಯಿಲೆ, ನನ್ನ ಕಾಯಿಲೆ, ಚಿಕ್ಕಮ್ಮನ ಮಗನ ಕಾಯಿಲೆ ಎಲ್ಲವೂ ಅವುಗಳ ಒಳಗಿವೆ. ನಮ್ಮ ಹಣೆಬರಹ ಬರೆದಿರುವ ಪುಸ್ತಕವನ್ನು ನಾವು ಓದಬಾರದು ಅಂತ ಬಹಳ ಕಾಲ ಹೇಳಿದ್ದಾರೆ. ಓದುತ್ತೇನೆ.

ಆಘಾತದ ವಿಷಯವನ್ನೇ ತೆಗೆದುಕೊಳ್ಳಿ. ಪಿಟಿಎಸ್‌ಡಿ ಎನ್ನುವ ಕಾಯಿಲೆ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ, ಅಂದರೆ ಡಿಎಸ್‌ಎಂಗೆ, ಸೇರಿದ್ದು 1980ರಲ್ಲಿ. ತಾನಾಗಿ ಸೇರಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು, ಅವರ ಜೊತೆ ನಿಂತ ರಾಬರ್ಟ್ ಜೇ ಲಿಫ್ಟನ್, ಚೈಮ್ ಶಾಟನ್‌ರಂಥ ವೈದ್ಯರು ವರ್ಷಗಟ್ಟಲೆ ಬಡಿದಾಡಿ ಸೇರಿಸಿದರು. ಮಾಡಿದ್ದು ಸರಿ. ಆದರೆ ಬಾಗಿಲಲ್ಲಿ ಒಂದು ಷರತ್ತು ನಿಂತಿದೆ. 2013ರ ಡಿಎಸ್‌ಎಂ-5ರ ಪ್ರಕಾರ ಆಘಾತ ಎನ್ನಿಸಿಕೊಳ್ಳಲು ಸಾವು, ಸಾವಿನ ಬೆದರಿಕೆ, ತೀವ್ರ ಗಾಯ ಅಥವಾ ಲೈಂಗಿಕ ಹಿಂಸೆ ಇರಬೇಕು. ನಿಮಗೇ ಆಗಿರಬೇಕು, ಕಣ್ಣಾರೆ ಕಂಡಿರಬೇಕು, ಇಲ್ಲವೇ ನಿಮ್ಮ ಹತ್ತಿರದವರಿಗೆ ಆಗಿರಬೇಕು. ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಕೆಲಸದ ಮೇಲೆ ಪದೇಪದೇ ಕೇಳಬೇಕಾದ ಪೊಲೀಸಿನವನಿಗೂ ಅದರೊಳಗೆ ಜಾಗವಿದೆ.

2000ನೇ ಇಸವಿಯ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆರೋಪಿಗಳು ಖುಲಾಸೆಯಾದರು. ಆ ಬೆಂಕಿಯಿಂದ ಬದುಕಿ ಬಂದವರು ಷರತ್ತಿಗೆ ಹೊಂದುತ್ತಾರೆ, ಒಪ್ಪಿದೆ. ಆದರೆ ಆ ಸುದ್ದಿ ಕೇಳಿದ ಮೇಲೆ ಪಕ್ಕದ ತಾಲ್ಲೂಕಿನ ಕೇರಿಗಳಲ್ಲಿ ಎಷ್ಟು ತಾಯಂದಿರು ಬಾಗಿಲಿಗೆ ಕಲ್ಲು ಒತ್ತಿ ಮಲಗಿದರು? ನಮ್ಮ ಅವ್ವ ಮಲಗಿದಳು. ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದಳು. ಊರ ಕಡೆಯಿಂದ ನಾಲ್ಕು ಜನ ಒಟ್ಟಿಗೆ ಬಂದರೆ ನಮ್ಮನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಅವಳು ಕಣ್ಣಾರೆ ಕಂಡಿಲ್ಲ. ಸತ್ತವರು ಅವಳ ಸಂಬಂಧಿಕರಲ್ಲ. ಪುಸ್ತಕದ ಲೆಕ್ಕದಲ್ಲಿ ಅವಳಿಗೆ ಏನೂ ಆಗಿಲ್ಲ. ಸತ್ತವರ ಜಾತಿಯೇ ತನ್ನ ಜಾತಿ, ಸುಟ್ಟವರಿಗೆ ಬೇಕಾದದ್ದು ಅಷ್ಟೇ ಅನ್ನುವುದು ಅವಳಿಗೆ ಗೊತ್ತಿತ್ತು. ಪುಸ್ತಕ ಬರೆದವರಿಗೆ ಗೊತ್ತಿರಲಿಲ್ಲ.

ಮತ್ತೆ ದಿನದಿನದ ಅವಮಾನ? ಮೇಲಿಂದ ನೀರು ಹೊಯ್ಯುವ ಲೋಟ, ಶಾಲೆಯಲ್ಲಿ ಬೇರೆ ಸಾಲು, ಬಾಡಿಗೆ ಮನೆ ಕೇಳಿದರೆ ‘ನೀವು ಯಾವ ಪೈಕಿ’ ಎಂಬ ಪ್ರಶ್ನೆ? ಅವು ಯಾವುವೂ ಆ ಬಾಗಿಲಿನಲ್ಲಿ ತೂರುವುದಿಲ್ಲ. ಅವುಗಳಿಂದ ಕುಸಿದವನು ನನ್ನ ಹಾಗೆ ಎಫ್ 43.2.

ನನ್ನ ಸಿಟ್ಟನ್ನು ಕಂಡ ಓದಿದ ಗೆಳೆಯರು ಹೇಳುತ್ತಾರೆ: ಅದು ವಿಜ್ಞಾನ ಕಣಯ್ಯ, ಜಾತಿಯನ್ನು ಅಲ್ಲಿಗೆ ತರಬೇಡ. ಯಾವ ವಿಜ್ಞಾನ? ಸಕ್ಕರೆ ಕಾಯಿಲೆಗೆ ರಕ್ತ ತೆಗೆದು ನೋಡುತ್ತಾರೆ. ಖಿನ್ನತೆಗೆ, ಸ್ಕಿಜೋಫ್ರೇನಿಯಕ್ಕೆ ರಕ್ತದಲ್ಲಿ ನೋಡಲು ಏನೂ ಇಲ್ಲ. ಕೆಲವು ಮಂದಿ ಒಂದು ಕೋಣೆಯಲ್ಲಿ ಕೂತು ಇಷ್ಟು ಲಕ್ಷಣ, ಇಷ್ಟು ದಿನ ಎಂದು ತೀರ್ಮಾನಿಸುತ್ತಾರೆ. ಒಂಬತ್ತರಲ್ಲಿ ಐದು ಲಕ್ಷಣ, ಎರಡು ವಾರ, ಡಿಎಸ್‌ಎಂಗೆ ಅದು ಖಿನ್ನತೆ. ಸ್ಕಿಜೋಫ್ರೇನಿಯಕ್ಕೆ ಐಸಿಡಿಯಲ್ಲಿ ಒಂದು ತಿಂಗಳು ಸಾಕು, ಡಿಎಸ್‌ಎಂನಲ್ಲಿ ಆರು ತಿಂಗಳು ಬೇಕು. ಮೂರು ತಿಂಗಳಿಂದ ಕಿವಿಯಲ್ಲಿ ದನಿ ಕೇಳಿಸಿಕೊಳ್ಳುತ್ತಿರುವ ಒಬ್ಬನೇ ಮನುಷ್ಯ ಒಂದು ಪುಸ್ತಕದಲ್ಲಿ ಸ್ಕಿಜೋಫ್ರೇನಿಯ ರೋಗಿ, ಇನ್ನೊಂದರಲ್ಲಿ ಅವನಿಗೆ ಬೇರೆ ಹೆಸರು. 2013ರ ಕೈಪಿಡಿಯನ್ನು ರೂಪಿಸಿದ ಕಾರ್ಯಪಡೆಯಲ್ಲಿ ಶೇಕಡಾ 69 ಮಂದಿಗೆ ಔಷಧ ಕಂಪನಿಗಳ ನಂಟಿತ್ತೆಂದು ಲೀಸಾ ಕಾಸ್‌ಗ್ರೋವ್ ಮತ್ತು ಶೆಲ್ಡನ್ ಕ್ರಿಮ್‌ಸ್ಕಿ 2012ರಲ್ಲೇ ಎಣಿಸಿ ತೋರಿಸಿದರು. ಕಂಪನಿಯ ನಂಟು ಆ ಕೋಣೆಯೊಳಗೆ ಹೋಗಬಹುದು. ನನ್ನ ಜಾತಿ ಮಾತ್ರ ಹೋಗಬಾರದು!

ಆ ಕೋಣೆಗಳಲ್ಲಿ ಏನೇನು ನಡೆದಿದೆ ಎಂಬುದು ದಾಖಲಾಗಿದೆ. 1851ರಲ್ಲಿ ಅಮೆರಿಕದ ದಕ್ಷಿಣದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಒಂದು ಹೊಸ ಮಾನಸಿಕ ಕಾಯಿಲೆ ಕಂಡುಹಿಡಿದ: ಡ್ರೆಪಟೊಮೇನಿಯ. ಗುಲಾಮ ತನ್ನ ಒಡೆಯನನ್ನು ಬಿಟ್ಟು ಓಡಿಹೋಗುವುದೇ ಆ ಕಾಯಿಲೆ. ಮದ್ದಿನ ಪಟ್ಟಿಯಲ್ಲಿ ಚಾಟಿಯೂ ಇತ್ತು. ಒಡೆತನಕ್ಕೆ ಯಾವ ಕಾಯಿಲೆ ಅಂತ ಅವನು ಬರೆಯಲಿಲ್ಲ. ಅದಾಗಿ ನೂರು ವರ್ಷದ ಮೇಲೆ, ಕರಿಯರು ಹಕ್ಕಿಗಾಗಿ ಬೀದಿಗಿಳಿದ ಕಾಲದಲ್ಲಿ, ಮಿಷಿಗನ್ ರಾಜ್ಯದ ಅಯೋನಿಯ ಆಸ್ಪತ್ರೆಯ ಕಡತಗಳಲ್ಲಿ ಸ್ಕಿಜೋಫ್ರೇನಿಯ ಬಿಳಿಯರಿಂದ ಕರಿಯ ಗಂಡಸರ ಕಡೆಗೆ ಸರಿಯಿತು. ಆ ಕಡತಗಳನ್ನು ಅಗೆದು ಬರೆದವನು ಜೊನಾಥನ್ ಮೆಟ್ಜಲ್. 1968ರ ಕೈಪಿಡಿ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯದ ವಿವರಣೆಯೊಳಗೆ ಹಗೆತನ, ಆಕ್ರಮಣಶೀಲತೆಗಳನ್ನು ತಂದು ಕೂರಿಸಿತ್ತು. ಸಿಟ್ಟಾದ ಕರಿಯ ಆ ವಿವರಣೆಗೆ ಅಳತೆ ತೆಗೆದಂತೆ ಹೊಂದಿದ. 1974ರಲ್ಲಿ ಹ್ಯಾಲ್‌ಡಾಲ್ ಮಾತ್ರೆಯ ಜಾಹೀರಾತಿನಲ್ಲಿ ಮುಷ್ಟಿ ಬಿಗಿದ ಕರಿಯನ ಚಿತ್ರವೇ ಬಂತು.

ಸಲಿಂಗ ಪ್ರೇಮ ಕಾಯಿಲೆಯಾಗಿತ್ತು. 1972ರಲ್ಲಿ ಮನೋವೈದ್ಯ ಜಾನ್ ಫ್ರೈಯರ್ ತನ್ನ ಸಂಘದ ಸಮ್ಮೇಳನದಲ್ಲೇ ಮುಖಕ್ಕೆ ಮುಖವಾಡ, ತಲೆಗೆ ವಿಗ್ಗು ಹಾಕಿ, ದನಿ ಬದಲಾಯಿಸಿ ನಾನೂ ಸಲಿಂಗಿ, ನಾನೂ ನಿಮ್ಮ ನಡುವಿನ ವೈದ್ಯ ಅಂದ. ಹೆಸರು ಹೇಳಿದ್ದರೆ ಕೆಲಸ ಹೋಗುತ್ತಿತ್ತು. 1973ರ ಡಿಸೆಂಬರಿನಲ್ಲಿ ಸಂಘ ಅದನ್ನು ಪಟ್ಟಿಯಿಂದ ತೆಗೆಯಿತು. ವಿರೋಧಿಸಿದವರು ಸದಸ್ಯರ ಮತಕ್ಕೆ ಹಾಕಿಸಿದರು. 1974ರಲ್ಲಿ ತೆಗೆದದ್ದು ಸರಿ ಎಂದು 5,854 ಮತ, ತಪ್ಪು ಎಂದು 3,810. ಮತ ಎಣಿಸಿ ಒಂದು ಕಾಯಿಲೆಯನ್ನು ಇಲ್ಲವಾಗಿಸಿದರು. ಅದು ಹೋಗಬೇಕಾದದ್ದೇ. ಆದರೆ ಮತದಿಂದ ಹೋಗುವಂಥದ್ದು ಮತದಿಂದಲೇ ಬಂದಿರುತ್ತದೆ. ನಮ್ಮ ಮತವನ್ನು ಯಾರು ಯಾವಾಗ ಕೇಳಿದರು?

ಕಾರಣವನ್ನು ಹೊರಗೆ ಹಾಕಿದ್ದೂ ಒಂದು ತೀರ್ಮಾನವೇ. ಅದಕ್ಕೂ ಇಸವಿ ಇದೆ. 1980, ಡಿಎಸ್‌ಎಂ-3, ಮುಂದಾಳು ಅದೇ ಸ್ಪಿಟ್ಜರ್. ಅದಕ್ಕೆ ಮೊದಲು ಮನೋವೈದ್ಯರು ನಗೆಪಾಟಲಾಗಿದ್ದರು. ನ್ಯೂಯಾರ್ಕಿನವರು ಸ್ಕಿಜೋಫ್ರೇನಿಯ ಅಂದವರನ್ನು ಲಂಡನ್ನಿನವರು ಬೇರೆ ಕಾಯಿಲೆ ಅನ್ನುತ್ತಿದ್ದರು. ಒಬ್ಬ ರೋಗಿ, ಇಬ್ಬರು ವೈದ್ಯರು, ಎರಡು ಹೆಸರು. ಕಾಯಿಲೆ ಯಾಕೆ ಬಂತು ಎಂಬಲ್ಲಿ ಜಗಳ ಹರಿಯದೆ ಇದ್ದಾಗ, ಯಾಕೆ ಎಂಬುದನ್ನೇ ಬಿಟ್ಟುಬಿಡೋಣ, ಕಣ್ಣಿಗೆ ಕಾಣುವ ಲಕ್ಷಣ ಎಣಿಸೋಣ ಎಂದರು. ವೈದ್ಯರ ನಡುವೆ ಒಮ್ಮತ ಹೆಚ್ಚಲಿ ಅನ್ನುವುದು ಉದ್ದೇಶ. ಅವರವರು ಒಮ್ಮತಕ್ಕೆ ಬಂದರು. ಮನೆಗೆ ಬೆಂಕಿ ಬಿದ್ದಾಗ ಒಳಗಿದ್ದವನ ಮೈಬಿಸಿ ಅಳೆದು ಇಬ್ಬರು ವೈದ್ಯರೂ ಜ್ವರ ಎಂದು ಒಂದೇ ಮಾತು ಹೇಳಿದಂತೆ ಆಯಿತು.

ಖಿನ್ನತೆಯ ಪಟ್ಟಿಯಲ್ಲಿ ಬದುಕಿನ ಘಟನೆಗಳ ಪೈಕಿ ಒಂದೇ ಒಂದು ಕಾರಣಕ್ಕೆ ಜಾಗ ಬಿಟ್ಟಿದ್ದರು: ಹತ್ತಿರದವರ ಸಾವು. ಸಾವಿನ ದುಃಖದಲ್ಲಿರುವವನನ್ನು ತಕ್ಷಣ ರೋಗಿ ಅನ್ನಬೇಡಿ ಎಂಬ ವಿನಾಯಿತಿ. 2013ರಲ್ಲಿ ಅದನ್ನೂ ಕಿತ್ತರು. 2022ರ ಪರಿಷ್ಕರಣೆಯಲ್ಲಿ, ದುಃಖ ವರ್ಷ ದಾಟಿದ ಮೇಲೂ ತೀವ್ರವಾಗಿ ಉಳಿದರೆ ಅದಕ್ಕೂ ಒಂದು ಕಾಯಿಲೆಯ ಹೆಸರು ಕೊಟ್ಟರು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಕೈ ನಡುಗುತ್ತದೆ, ನಡುಗಲಿ.

ಅಪ್ಪ ಗುಂಡಿಗೆ ಇಳಿಯುತ್ತಿದ್ದ. ಪುರಸಭೆಯ ಲೆಕ್ಕದಲ್ಲಿ ಅವನು ಗುತ್ತಿಗೆ ಕಾರ್ಮಿಕ. ಮಲ ಹೊರುವುದನ್ನು 1993ರಲ್ಲೇ ನಿಷೇಧಿಸಿದ್ದರು, ಕಾಯ್ದೆಯನ್ನು 2013ರಲ್ಲಿ ಇನ್ನೂ ಬಿಗಿಮಾಡಿದರು. ಎರಡು ಕಾಯ್ದೆಗಳ ನಡುವೆಯೂ ಅಪ್ಪ ಇಳಿದ, ಎರಡನೆಯದು ಬಂದ ಮೇಲೂ ಇಳಿದ. ಬೆಳಕು ಹರಿಯುವ ಮೊದಲು ಹೋಗುತ್ತಿದ್ದ, ಜನ ನೋಡಬಾರದು ಅಂತ. ಹೋಗುವ ಮೊದಲು ಒಂದು ಪ್ಯಾಕೆಟ್ಟು ಹಲ್ಲಿನಲ್ಲಿ ಕಚ್ಚಿ ಹರಿದು ನಿಂತಲ್ಲೇ ಖಾಲಿಮಾಡುತ್ತಿದ್ದ. ಆಮೇಲೆ ಅಂಗಿ ಬಿಚ್ಚುತ್ತಿದ್ದ. ಸೊಂಟಕ್ಕೆ ಹಗ್ಗ. ಮೊದಲು ಒಂದು ಬೆಂಕಿಕಡ್ಡಿ ಗೀರಿ ಗುಂಡಿಯ ಬಾಯಿಯ ಹತ್ತಿರ ಹಿಡಿಯುತ್ತಿದ್ದರು, ಗ್ಯಾಸ್ ಇದೆಯೋ ಎಂದು ನೋಡಲು. ಆ ಗುಂಡಿಯ ವಾಸನೆ ಅವನ ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ, ಎಷ್ಟು ಸೋಪು ತಿಕ್ಕಿದರೂ ಉಳಿಯುತ್ತಿತ್ತು. ಅನ್ನ ಕಲಸುವಾಗ ತನ್ನ ಕೈಯನ್ನು ಮೂಗಿನ ಹತ್ತಿರ ತಂದುಕೊಂಡು, ತಟ್ಟೆ ಸರಿಸಿ ಎದ್ದುಹೋಗುತ್ತಿದ್ದ. ಸಂಜೆ ಮತ್ತೆ ಕುಡಿಯುತ್ತಿದ್ದ. ಕುಡಿದು ಅವ್ವನನ್ನು ಹೊಡೆಯುತ್ತಿದ್ದ. ಅದನ್ನೂ ಬರೆಯುತ್ತೇನೆ; ಅವನು ದೇವರಾಗಿರಲಿಲ್ಲ. ಅವ್ವನ ಎಡಗಿವಿ ಇವತ್ತಿಗೂ ಕೇಳುವುದಿಲ್ಲ.

ಅವನನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ. ಮನೋವೈದ್ಯ ಪ್ರಶ್ನೆ ಕೇಳಿದ. ಐಸಿಡಿ-10ರ ಪ್ರಕಾರ ಮದ್ಯ ಅವಲಂಬನೆಗೆ ಆರು ಲಕ್ಷಣಗಳಿವೆ, ಒಂದು ವರ್ಷದೊಳಗೆ ಮೂರು ಒಟ್ಟಿಗೆ ಕಂಡರೆ ಸಾಕು: ಕುಡಿಯಲೇಬೇಕೆಂಬ ಸೆಳೆತ, ಹಿಡಿತ ತಪ್ಪುವುದು, ಬಿಟ್ಟರೆ ಮೈ ನಡುಕ, ಮೊದಲಿನ ಪ್ರಮಾಣ ಸಾಲದಾಗುವುದು, ಬೇರೆಲ್ಲ ಆಸಕ್ತಿ ಸೊರಗುವುದು, ಕೇಡು ಗೊತ್ತಿದ್ದೂ ಕುಡಿಯುವುದು. ಅಪ್ಪನಲ್ಲಿ ಆರೂ ಇದ್ದವು. ಎಫ್ 10.2. ಅದರಲ್ಲಿ ಸುಳ್ಳಿಲ್ಲ.

‘ಯಾಕೆ ಕುಡೀತೀಯ’ ಅಂತ ವೈದ್ಯ ಕೇಳಿದ. ಅಪ್ಪ ತಲೆ ಎತ್ತಿ ಹೇಳಿದ: ‘ಕುಡೀದೆ ಆ ಗುಂಡಿಗೆ ಇಳ್ಯಕಾಯ್ತದಾ ಸಾಮಿ? ಇಳೀದಿದ್ರೆ ಕುಡ್ಯಾದೇನೈತೆ? ಮೊದ್ಲು ಅದ ಬುಡ್ಸಿ.’

ಆ ಮಾತಿಗೆ ಕಡತದಲ್ಲಿ ಏನು ಬರೆದರು ಎಂದು ಹೇಳಬೇಕು. ಮನೋವೈದ್ಯರು ರೋಗಿಯ ಒಳನೋಟವನ್ನು ಒಂದರಿಂದ ಆರರವರೆಗೆ ದರ್ಜೆ ಹಾಕಿ ಅಳೆಯುತ್ತಾರೆ. ಒಂದನೇ ದರ್ಜೆ ಅಂದರೆ ಕಾಯಿಲೆಯೇ ಇಲ್ಲ ಅನ್ನುವವನು. ಮೂರನೇ ದರ್ಜೆ ಅಂದರೆ ಕಾಯಿಲೆ ಇದೆ ಎಂದು ಗೊತ್ತು, ಆದರೆ ಅದಕ್ಕೆ ಬೇರೆಯವರನ್ನು, ಹೊರಗಿನ ಕಾರಣಗಳನ್ನು ದೂರುವವನು. ಆರನೇ ದರ್ಜೆಯವನು ನಿಜವಾದ ಒಳನೋಟ ಉಳ್ಳವನು. ಅಪ್ಪನ ಕಡತದಲ್ಲಿ ಬರೆದದ್ದು: ಇನ್‌ಸೈಟ್, ಗ್ರೇಡ್ 3.

ಆ ಇಡೀ ಆಸ್ಪತ್ರೆಯಲ್ಲಿ ತನ್ನ ಕಾಯಿಲೆಗೆ ಕಾರಣ ಏನೆಂದು ಸರಿಯಾಗಿ ಗೊತ್ತಿದ್ದವನು ಅಪ್ಪ ಒಬ್ಬನೇ. ಆ ತಿಳಿವಳಿಕೆಯನ್ನೇ ಕೊರತೆ ಎಂದು ಅಂಕ ಹಾಕಿದರು.

ಡೈಸಲ್ಫಿರಾಮ್ ಕೊಟ್ಟರು. ಆ ಮಾತ್ರೆ ನುಂಗಿ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಕರುಳು ಬಾಯಿಗೆ ಬರುವಂತೆ ವಾಂತಿಯಾಗುತ್ತದೆ. ಹಾಗಾಗುತ್ತದೆ ಎಂಬ ಹೆದರಿಕೆಯೇ ಅದರ ಮದ್ದು. ಅಪ್ಪ ಕೆಲವು ದಿನ ನುಂಗಿದ, ಕುಡಿಯಲಿಲ್ಲ. ಕುಡಿಯದೆ ಗುಂಡಿಯ ಅಂಚಿಗೆ ಹೋಗಿ ನಿಂತವನಿಗೆ ಕಾಲು ಮುಂದೆ ಬರಲಿಲ್ಲ. ಮೇಸ್ತ್ರಿ, ‘ಇಳಿದ್ರೆ ಇಳಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡ’ ಅಂದ. ಅಪ್ಪ ಮಾತ್ರೆ ಬಿಟ್ಟ. ಕಡತದಲ್ಲಿ ಅದಕ್ಕೂ ಒಂದು ಸಾಲು ಬಿತ್ತು: ಚಿಕಿತ್ಸೆಗೆ ಸಹಕರಿಸುತ್ತಿಲ್ಲ. ಅವನು ಲಿವರ್ ಕೊಳೆತು ಸತ್ತ. ಆ ಕಡತದ ಒಂದು ಪುಟದಲ್ಲೂ ಗುಂಡಿ ಇಲ್ಲ, ಮೇಸ್ತ್ರಿ ಇಲ್ಲ, ಪುರಸಭೆ ಇಲ್ಲ. ಕಸುಬು ಎಂಬ ಕಡೆ ‘ಕೂಲಿ’ ಎಂದಿದೆ.

ಬರೆಯಲು ಜಾಗ ಇರಲಿಲ್ಲವೇ? ಇತ್ತು. ಐಸಿಡಿ-10ರಲ್ಲಿ ಝಡ್ 60.5 ಎಂಬ ಕೋಡ್ ಇದೆ. ತನ್ನ ಗುಣದಿಂದಲ್ಲ, ಯಾವುದೋ ಗುಂಪಿಗೆ ಸೇರಿದ್ದರಿಂದ ತಾರತಮ್ಯಕ್ಕೆ, ಕಿರುಕುಳಕ್ಕೆ ಗುರಿಯಾದವನಿಗೆ ಹಾಕುವ ಕೋಡ್ ಅದು. ಮೈಬಣ್ಣ, ಧರ್ಮ, ಜನಾಂಗದ ಮೂಲ ಎಂದು ಹೆಸರಿಸಿ ಇತ್ಯಾದಿ ಎಂದು ಮುಗಿಸಿದ್ದಾರೆ. ಕೋಟ್ಯಂತರ ಜನರನ್ನು ತುಳಿದ ಜಾತಿ ಆ ಇತ್ಯಾದಿಯೊಳಗೆ ಬಿದ್ದಿದೆ. ಇರಲಿ, ಆ ಇತ್ಯಾದಿಯನ್ನಾದರೂ ಬಳಸಿ. ನಮ್ಮ ಕೇರಿಗೆ ಬಂದ ಯಾವ ಚೀಟಿಯಲ್ಲೂ ಆ ಕೋಡನ್ನು ನಾನು ಕಂಡಿಲ್ಲ.

ಡಿಎಸ್‌ಎಂ-5ರ ಮೊದಲ ಪುಟಗಳಲ್ಲೇ ಇದೆ: ವ್ಯಕ್ತಿಗೂ ಸಮಾಜಕ್ಕೂ ನಡುವಿನ ಸಂಘರ್ಷವೇ ಕಾಯಿಲೆಯಲ್ಲ, ಆ ವ್ಯಕ್ತಿಯೊಳಗಿನ ದೋಷದಿಂದ ಅದು ಹುಟ್ಟಿರದ ಹೊರತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಮೂರನೇ ಸೆಕ್ಷನ್ ಇನ್ನೂ ಗಟ್ಟಿಯಾಗಿ ಹೇಳುತ್ತದೆ: ಸಾಮಾಜಿಕ, ಆರ್ಥಿಕ, ರಾಜಕೀಯ ಸ್ಥಾನಮಾನದ ಆಧಾರದ ಮೇಲೆ, ಸಮುದಾಯದ ನೀತಿ ನಂಬಿಕೆಗಳಿಗೆ ಹೊಂದಲಿಲ್ಲ ಎಂಬ ಆಧಾರದ ಮೇಲೆ ಯಾರನ್ನೂ ಮನೋರೋಗಿ ಎಂದು ನಿರ್ಧರಿಸಬಾರದು. ಒಳ್ಳೆಯ ಮಾತು. ಆದರೆ ಹೊರಗಿನ ಏಟನ್ನು ಬರೆದುಕೊಳ್ಳದ ವೈದ್ಯನ ಕಣ್ಣಿಗೆ ಉಳಿಯುವುದು ಒಳಗಿನ ದೋಷ ಮಾತ್ರ.

ಸತ್ತ ಮೇಲೂ ಕಾಲಂ ಬದಲಾಗುವುದಿಲ್ಲ. ಆತ್ಮಹತ್ಯೆಗಳ ಕಾರಣಗಳನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರತಿವರ್ಷ ಅಚ್ಚು ಹಾಕುತ್ತದೆ. ಪ್ರೇಮ ಪ್ರಕರಣಕ್ಕೆ ಕಾಲಂ ಇದೆ. ಪರೀಕ್ಷೆಯಲ್ಲಿ ನಪಾಸಿಗೆ ಇದೆ. ಸಾಮಾಜಿಕ ಪ್ರತಿಷ್ಠೆ ಕುಸಿತಕ್ಕೆ ಇದೆ. ತಾರೆಯರ ಮೇಲಿನ ಅಂಧಾಭಿಮಾನಕ್ಕೂ ಇದೆ. ಜಾತಿ ಅವಮಾನಕ್ಕೆ ಇಲ್ಲ. ರೋಹಿತ್ ವೇಮುಲನನ್ನು ಎಲ್ಲಿ ಬರೆಯುತ್ತೀರಿ? ಹೈದರಾಬಾದ್ ವಿಶ್ವವಿದ್ಯಾಲಯ ಅವನನ್ನೂ ಇನ್ನು ನಾಲ್ವರನ್ನೂ ಹಾಸ್ಟೆಲಿನಿಂದ ಹೊರಹಾಕಿತು, ಅವನ ಫೆಲೋಶಿಪ್ಪಿನ ಹಣ ನಿಂತಿತ್ತು, 2016ರ ಜನವರಿ 17ರಂದು ಅವನು ಹೋದ. ಸರ್ಕಾರ ನೇಮಿಸಿದ ರೂಪನ್ವಾಲ್ ಆಯೋಗ ಅವನ ಜಾತಿಯನ್ನೇ ಶಂಕಿಸಿತು. ಅವನ ಸ್ವಂತ ತೊಳಲಾಟವೇ ಸಾವಿಗೆ ಕಾರಣ, ವಿಶ್ವವಿದ್ಯಾಲಯ ಹೊಣೆಯಲ್ಲ ಎಂದಿತು. ಆಯೋಗವೂ ಅದೇ ಪೆನ್ನು ಹಿಡಿದಿತ್ತು. ಮೈಯೊಳಗಿನದನ್ನು ಬರೆದುಕೊಂಡಿತು, ಬಾಗಿಲ ಮೇಲಿನದನ್ನು ಬಿಟ್ಟಿತು. ಈಗ ಕ್ಯಾಂಪಸ್ಸಿನಲ್ಲಿ ಒಬ್ಬ ಹುಡುಗನ ಹೆಣ ಬಿದ್ದರೆ ಮರುದಿನವೇ ಆಪ್ತಸಮಾಲೋಚನಾ ಕೇಂದ್ರ ತೆರೆಯುತ್ತಾರೆ. ಕಾಡಿದವನ ಕೋಣೆಯ ಬೀಗ ತೆರೆಯುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಚಪ್ಪಾಳೆ ತಟ್ಟುವವರೂ ಇದ್ದಾರೆ. ನಮ್ಮದೇ ಚಳವಳಿಯ ವೇದಿಕೆಗಳಲ್ಲಿ, ಹುಚ್ಚು ಎಂಬುದೇ ಇಲ್ಲ, ಎಲ್ಲ ವ್ಯವಸ್ಥೆಯ ಕಟ್ಟುಕಥೆ, ಮಾತ್ರೆ ಬಿಸಾಡಿ ಅನ್ನುವವರು. ಅವರನ್ನು ನಾನು ಇನ್ನೂ ಜೋರಾಗಿ ಬೈಯುತ್ತೇನೆ. ನೀವು ರಾತ್ರಿಯಿಡೀ ಅಂಥವರ ಪಕ್ಕ ಕೂತಿಲ್ಲ. ಚಿಕ್ಕಮ್ಮನ ಮಗ ಬಾವಿಯೊಳಗಿಂದ ಯಾರೋ ಕರೆಯುತ್ತಾರೆ ಅಂತ ಬಾವಿಕಟ್ಟೆ ಹತ್ತಿದಾಗ ಅವನ ಕಾಲು ಹಿಡಿದು ಎಳೆದವನು ನಾನು. ಅವನಿಗೆ ಕೇಳುವ ದನಿ ನಿಜ, ಅವನ ಭಯ ನಿಜ. ಮಂತ್ರವಾದಿ ಅವನ ಅಂಗೈ ಮೇಲೆ ಕರ್ಪೂರ ಹಚ್ಚಿದ. ಆ ಗುರುತು ಇನ್ನೂ ಇದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟಿನಲ್ಲಿ ಸರಪಳಿಯಲ್ಲಿ ಕಟ್ಟಿದ್ದ ಮನೋರೋಗಿಗಳು ಬೆಂಕಿ ಬಿದ್ದಾಗ ಓಡಲಾಗದೆ ಕಟ್ಟಿದಲ್ಲೇ ಸುಟ್ಟುಹೋದರು. ಚಿಕ್ಕಮ್ಮನ ಮಗನಿಗೆ ದನಿ ನಿಂತದ್ದು ರಿಸ್ಪೆರಿಡೋನ್ ಮಾತ್ರೆಯಿಂದ. ಆ ಮಾತ್ರೆ ಸಿಗಬೇಕಾದರೆ ಒಂದು ಹೆಸರು ಬೇಕು, ಆ ಹೆಸರು ಬೇಕಾದರೆ ಆ ಪುಸ್ತಕ ಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ, ಚಿಕಿತ್ಸೆ ಸಿಗದವರು ನೂರಕ್ಕೆ 70ರಿಂದ 92. ಆ ಗುಂಪಿನಲ್ಲಿ ನಮ್ಮವರು ತುಂಬಿದ್ದಾರೆ. ನನಗೆ ಪುಸ್ತಕ ಸುಡುವುದು ಬೇಕಿಲ್ಲ. ಅದರಲ್ಲಿ ನಮಗಾದದ್ದನ್ನು ಬರೆಯುವುದು ಬೇಕು.

ಬರೆಯಬಹುದಿತ್ತು, ಬರೆಯಲಿಲ್ಲ. ನಮ್ಮ ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಮನೆಮನೆಗೆ ಹೋಗಿ ಜನರ ಮನಸ್ಸಿನ ನೋವನ್ನು ಎಣಿಸಿದರು. 1976ರಲ್ಲಿ ಅದು ಪುಸ್ತಕವಾಗಿ ಬಂತು. ಪಾಶ್ಚಾತ್ಯ ಹೆಸರುಗಳನ್ನು ಹೇರುವ ಬದಲು ಜನ ತಾವೇ ಹೇಳುವ ಲಕ್ಷಣ, ಅವರಿಗಾಗುವ ತೊಂದರೆಯನ್ನು ಹಿಡಿದು ಹೊರಟ ಕೆಲಸ ಅದು. ಅದಕ್ಕೆ ನನ್ನ ಗೌರವವಿದೆ. ಆದರೆ ಅವರು ಹೋಲಿಸಿ ನೋಡಿದ್ದು ಮೂರು ಜಾತಿಗಳನ್ನು: ಬ್ರಾಹ್ಮಣ, ಬಂಟ, ಮೊಗವೀರ. ಊರಾಚೆಯ ಮನೆಗಳು ಆ ಮೂರರಲ್ಲಿಲ್ಲ.

ಚಿಕ್ಕಮ್ಮನ ಮಗನಿಗೆ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಲು ಹೋದೆವು. ಮಾನಸಿಕ ಕಾಯಿಲೆಯ ವೈಕಲ್ಯವನ್ನು ಅಳೆಯಲು ನಮ್ಮಲ್ಲಿ ಐಡಿಯಾಸ್ ಎಂಬ ಅಳತೆಗೋಲಿದೆ. ನಾಲ್ಕು ವಿಷಯ: ತನ್ನ ಆರೈಕೆ, ಜನರ ಜೊತೆಗಿನ ಸಂಬಂಧ, ಮಾತು ಮತ್ತು ಗ್ರಹಿಕೆ, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕ. ಶೇಕಡಾ 40 ಮುಟ್ಟಿದರೆ ಸವಲತ್ತಿನ ಬಾಗಿಲು ತೆರೆಯುತ್ತದೆ.

‘ತಾನೇ ಸ್ನಾನ ಮಾಡ್ತಾನಾ?’ ಚಿಕ್ಕಮ್ಮ ಏನು ಹೇಳಬೇಕು? ಮನೆಯಲ್ಲಿ ಬಚ್ಚಲಿಲ್ಲ. ಬೀದಿ ನಲ್ಲಿಯಲ್ಲಿ ನೀರು ಬಂದ ದಿನ ಎಲ್ಲರೂ ಮಾಡುತ್ತಾರೆ, ಅವನೂ ಮಾಡುತ್ತಾನೆ. ‘ಮಾಡ್ತನೆ ಸಾಮಿ.’ ಅಂಕ ಇಳಿಯಿತು. ‘ಜನರ ಜೊತೆ ಬೆರೀತಾನಾ?’ ಊರಿನವರು ಇವನನ್ನಿರಲಿ, ನಮ್ಮನ್ನೇ ಹತ್ತಿರ ಸೇರಿಸುವುದಿಲ್ಲ. ‘ಯಾರ ತಂಟೆಗೂ ಹೋಗಕಿಲ್ಲ ಸಾಮಿ.’ ಅದನ್ನು ಒಳ್ಳೆಯ ನಡತೆ ಎಂದು ಬರೆದುಕೊಂಡಂತಿತ್ತು. ‘ಎಷ್ಟು ವರ್ಷದಿಂದ?’ ಚೀಟಿ ಕೇಳಿದರು. ಮೊದಲ ವರ್ಷಗಳೆಲ್ಲ ಮಂತ್ರವಾದಿಯ ಅಂಗಳದಲ್ಲಿ ಕಳೆದವು, ಮಂತ್ರವಾದಿ ಚೀಟಿ ಕೊಡುವುದಿಲ್ಲ. ‘ಕೆಲಸ ಮಾಡ್ತಾನಾ?’

ಚಿಕ್ಕಮ್ಮ ಸುಳ್ಳು ಹೇಳುವವಳಲ್ಲ. ಮಗನ ಮರ್ಯಾದೆ ಉಳಿಸುವ ಆಸೆಯೂ ಇತ್ತು. ‘ಮಾಡ್ತನೆ ಸಾಮಿ. ಒಡೇರ ಕೊಟ್ಟಿಗೆ ಬಾಚ್ತನೆ, ದನ ತೊಳೀತನೆ, ಸಗಣಿ ಹೊರ್ತನೆ.’

‘ಹಂಗಾದ್ರೆ ಕೆಲಸ ಮಾಡ್ತಾನೆ’ ಎಂದು ಅಧಿಕಾರಿ ಅಂಕ ಹಾಕಿದ. ಒಟ್ಟು ಶೇಕಡಾ 40ರ ಕೆಳಗೆ ನಿಂತಿತು. ಪಿಂಚಣಿ ಇಲ್ಲ, ಬಸ್ ಪಾಸ್ ಇಲ್ಲ. ಅವನಿಗೆ ಕೂಲಿ ಎಷ್ಟು ಕೊಡುತ್ತಾರೆ ಎಂದು ವೈದ್ಯಕೀಯ ಮಂಡಳಿಯಲ್ಲಿ ಕೂತ ಯಾರೂ ಕೇಳಲಿಲ್ಲ. ಕೂಲಿ ಇಲ್ಲ. ಎರಡು ಹೊತ್ತು ಮುದ್ದೆ, ಹಬ್ಬಕ್ಕೆ ಹಳೆಯ ಪಂಚೆ. ಚಿಕ್ಕಪ್ಪ ಯಾವುದೋ ಕಾಲದಲ್ಲಿ ತಂದ ಸಾಲ ಇನ್ನೂ ಹರಿದಿಲ್ಲವಂತೆ. ಇವನಿಗೆ ಎಣಿಸಲು ಬರುವುದಿಲ್ಲ ಎಂಬುದು ಒಡೆಯನಿಗೆ ಗೊತ್ತು. ಮಾತ್ರೆ ನುಂಗಿ ಮಂಕಾಗಿರುವ ದಿನ ಬಾರುಕೋಲಿನಿಂದ ಎಬ್ಬಿಸುತ್ತಾರೆ.

ಮರುತಪಾಸಣೆಗೆ ಅರ್ಜಿ ಹಾಕಿದ್ದೇನೆ. ಈ ಸಲ ಚಿಕ್ಕಮ್ಮನ ಪಕ್ಕ ನಾನು ಕೂರುತ್ತೇನೆ. ಕೊಟ್ಟಿಗೆ ಬಾಚುವುದು ಕೆಲಸವಲ್ಲ, ಜೀತ ಎಂದು ಮಂಡಳಿ ಒಪ್ಪಿದರೆ ಅಂಕ ಸರಿಪಡಿಸಲಿ, ಅವನಿಗೆ ಪಿಂಚಣಿ ಬರಲಿ. ಇಲ್ಲ, ಅದು ಕೆಲಸವೇ ಅನ್ನುವುದಾದರೆ ಕಾಗದದ ಮೇಲೆ ಬರೆದು ಕೊಡಲಿ: ಯಾರ ಕೊಟ್ಟಿಗೆ, ಎಷ್ಟು ವರ್ಷದಿಂದ, ಕೂಲಿ ಎಷ್ಟು. ಕೆಳಗೆ ಸಹಿ, ಮೊಹರು. ಆ ಕಾಗದದೊಂದಿಗೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಅರ್ಜಿ ಲಗತ್ತಿಸಿ ಉಪವಿಭಾಗಾಧಿಕಾರಿಯ ಮೇಜಿನ ಮೇಲೆ ಇಡುತ್ತೇನೆ. ಬಿಟ್ಟಿ ಚಾಕರಿ ಮಾಡಿಸುವುದು ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಅದರ ದೂರನ್ನು ಅದೇ ದಿನ ಠಾಣೆಗೆ ಕೊಡುತ್ತೇನೆ. ಎರಡರಲ್ಲೂ ಮೊದಲ ಸಾಕ್ಷಿಯ ಜಾಗದಲ್ಲಿ ವೈದ್ಯಕೀಯ ಮಂಡಳಿಯ ಹೆಸರನ್ನೇ ಬರೆದಿಟ್ಟಿದ್ದೇನೆ.